‘ಸ್ಲೆಡ್ಜ್‌ಹ್ಯಾಮರ್’ ಎಲ್ಲಿ ಸಮ್ಮಟಿಗೆ, ಎಲ್ಲಿ ಅಲ್ಲ?

ಪ್ರಶ್ನೆ

ಮಾನ್ಯರೇ, 2021ರ ಸೆಪ್ಟೆಂಬರಿನಲ್ಲಿ ರಾಜಸ್ಥಾನ ಸರ್ಕಾರವು ಶಿಕ್ಷಕರ ಅರ್ಹತಾ ಪರೀಕ್ಷೆಯ ದಿನ ನಕಲು ತಡೆಯಲೆಂದು ಹಲವು ಜಿಲ್ಲೆಗಳಲ್ಲಿ ಮೊಬೈಲ್ ಇಂಟರ್ನೆಟ್ ನಿಲ್ಲಿಸಿದ್ದರ ಕುರಿತ ಇಂಗ್ಲಿಷ್ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಲೇಖಕರು ಆ ಕ್ರಮವನ್ನು, ಸಣ್ಣ ಕಾಯಿಯೊಂದನ್ನು ಒಡೆಯಲು ಸ್ಲೆಡ್ಜ್‌ಹ್ಯಾಮರ್ ಎತ್ತಿದಂತೆ ಎಂದು ಟೀಕಿಸಿದ್ದಾರೆ. ಮುಂದೆ ಅಧಿಕಾರಿಗಳ ಸಮರ್ಥನೆಯನ್ನೂ ‘ಸ್ಲೆಡ್ಜ್‌ಹ್ಯಾಮರ್ ವಾದ’ ಎಂದೇ ಕರೆದಿದ್ದಾರೆ. ನಿಘಂಟಿನಲ್ಲಿ ‘ಸಮ್ಮಟಿಗೆ, ದೊಡ್ಡ ಸುತ್ತಿಗೆ’ ಎಂಬ ಅರ್ಥವಿದೆ. ಆದರೆ ‘ಸಮ್ಮಟಿಗೆ ವಾದ’ ಎಂದು ಬರೆದರೆ ಓದುಗರಿಗೆ ಏನೂ ಹೊಳೆಯಲಾರದು. ಎರಡೂ ಕಡೆ ಒಂದೇ ಮಾತು ಬಳಸಬಹುದೇ?

ಉತ್ತರ 1

ಬಳಸಬಾರದು, ಏಕೆಂದರೆ ಇಂಗ್ಲಿಷಿನಲ್ಲಿಯೇ ಆ ಎರಡು ಪ್ರಯೋಗಗಳ ಅರ್ಥ ಬೇರೆ ಬೇರೆ. ಮೊದಲನೆಯದು ಕೆಲಸಕ್ಕೂ ಸಾಧನಕ್ಕೂ ಹೊಂದಿಕೆಯಿಲ್ಲವೆಂಬ ಆಕ್ಷೇಪ. ಎರಡನೆಯದು ಸೂಕ್ಷ್ಮವಿಲ್ಲದೆ, ಎದುರಿನವರ ಮಾತಿಗೆ ಎಡೆಗೊಡದೆ, ಬರಿಯ ಭಾರದಿಂದಲೇ ಗೆಲ್ಲಹೊರಡುವ ರೀತಿಯನ್ನು ಹೇಳುತ್ತದೆ.

ವಾಚ್ಯಾರ್ಥದಲ್ಲಿ ಇದು ಉದ್ದ ಹಿಡಿಯ, ಎರಡೂ ಕೈಗಳಿಂದ ಬೀಸುವ ಭಾರದ ಸುತ್ತಿಗೆ. ಹೆಸರಿನ ‘ಸ್ಲೆಡ್ಜ್’ ಭಾಗಕ್ಕೂ ಹಿಮದ ಮೇಲೆ ಜಾರುವ ಗಾಡಿಗೂ ಸಂಬಂಧವಿಲ್ಲ. ಗಾಡಿಯ ಹೆಸರು ಡಚ್ ಭಾಷೆಯಿಂದ ಬಂದದ್ದು, ಸುತ್ತಿಗೆಯದು ಹಳೆಯ ಇಂಗ್ಲಿಷಿನ ‘ಹೊಡೆ’ ಎಂಬರ್ಥದ ಧಾತುವಿನಿಂದ ಹುಟ್ಟಿದ್ದು. ‘ಕೊಲ್ಲು’ ಎಂಬರ್ಥದ ‘ಸ್ಲೇ’ಯೂ ಅದೇ ಧಾತುವಿನದು. ಆ ಹಳೆಯ ಪದವೊಂದೇ ದೊಡ್ಡ ಸುತ್ತಿಗೆಯನ್ನು ಸೂಚಿಸುತ್ತಿತ್ತು; ‘ಹ್ಯಾಮರ್’ ಆಮೇಲೆ ಅಂಟಿಕೊಂಡಿತು, ನಾವು ‘ಗೇಟು ಬಾಗಿಲು’ ಎನ್ನುವಂತೆ.

ನಮ್ಮ ಸಮ್ಮಟಿಗೆಗೆ ತೆಲುಗಿನಲ್ಲಿ ಸಮ್ಮೆಟ, ತಮಿಳಿನಲ್ಲಿ ಸಮ್ಮಟ್ಟಿ ಎಂಬ ಸೋದರರೂಪಗಳಿವೆ. ವಸ್ತು ಒಂದೇ ಆದರೂ ಕುಲುಮೆಯನ್ನು ಬಲ್ಲವರಿಗೆ ಅದು ಒರಟುತನದ ಗುರುತಾಗಿ ತೋರುವುದಿಲ್ಲ. ಕಮ್ಮಾರನು ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟು, ಪೆಟ್ಟು ಬೀಳಬೇಕಾದ ಜಾಗವನ್ನು ತನ್ನ ಸಣ್ಣ ಸುತ್ತಿಗೆಯಿಂದ ತಟ್ಟಿ ತೋರಿಸುತ್ತಾನೆ. ಎದುರಿಗೆ ನಿಂತವರು, ಹಲವೆಡೆ ಅವನ ಹೆಂಡತಿಯೇ, ಅಲ್ಲಿಗೇ ಸಮ್ಮಟಿಗೆ ಬೀಸುತ್ತಾರೆ. ಸಣ್ಣದು ಹೇಳಿದಲ್ಲಿ ದೊಡ್ಡದು ಬೀಳುತ್ತದೆ. ಲಯ ತಪ್ಪಿದರೆ ಕೆಲಸವೇ ಕೆಡುತ್ತದೆ. ಹೀಗಾಗಿ ಆ ವಾದವನ್ನು ‘ಒರಟು ವಾದ’ ಅಥವಾ ‘ಬಾಯಿ ಮುಚ್ಚಿಸುವ ವಾದ’ ಎಂದು ಬಿಡಿಸಿ ಬರೆಯುವುದೇ ಮೇಲು. ಗೋಡೆ ಕೆಡವುವ, ಬಂಡೆ ಸೀಳುವ ಕಡೆ ಮಾತ್ರ ಸಮ್ಮಟಿಗೆಯನ್ನು ಧಾರಾಳವಾಗಿ ಬಳಸಿ.

ಉತ್ತರ 2

ಕಾನೂನಿನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಸರ್ಕಾರದ ಕ್ರಮವು ಅದರ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕೆಂಬ ತತ್ತ್ವವನ್ನು ವಿವರಿಸುವಾಗ ಈ ಉಪಮೆ ಪದೇ ಪದೇ ಬರುತ್ತದೆ. 1983ರಲ್ಲಿ ಇಂಗ್ಲೆಂಡಿನ ನ್ಯಾಯಮೂರ್ತಿ ಲಾರ್ಡ್ ಡಿಪ್ಲಾಕ್ ಗೋಲ್ಡ್‌ಸ್ಟೈನ್ ಪ್ರಕರಣದಲ್ಲಿ, ಕಾಯಿ ಒಡೆಯುವ ಅಡಕತ್ತರಿಯಂಥ ಸಾಧನವೇ ಸಾಕಾಗುವಲ್ಲಿ ಸ್ಟೀಮ್ ಹ್ಯಾಮರ್ ಬಳಸಬಾರದು ಎಂಬರ್ಥದ ಮಾತು ಹೇಳಿದರು. ಗಮನಿಸಿ, ಅವರು ಹೇಳಿದ್ದು ಉಗಿಯಿಂದ ನಡೆಯುವ ಯಂತ್ರವನ್ನು, ಕೈಸುತ್ತಿಗೆಯನ್ನಲ್ಲ; ನಿಮ್ಮ ಲೇಖನದಲ್ಲಿ ಆ ಉಲ್ಲೇಖವಿದ್ದರೆ ಸಮ್ಮಟಿಗೆ ಎಂದು ಬರೆಯುವುದು ತಪ್ಪಾಗುತ್ತದೆ. (1842ರಲ್ಲಿ ಆ ಯಂತ್ರಕ್ಕೆ ಪೇಟೆಂಟ್ ಪಡೆದ ಜೇಮ್ಸ್ ನ್ಯಾಸ್ಮಿತ್, ಗಾಜಿನ ಲೋಟದಲ್ಲಿಟ್ಟ ಮೊಟ್ಟೆಯನ್ನು ಲೋಟ ಒಡೆಯದಂತೆ ಅದರಿಂದಲೇ ಒಡೆದು ತೋರಿಸುತ್ತಿದ್ದರಂತೆ. ಯಂತ್ರಕ್ಕೆ ಸ್ವಲ್ಪ ಅನ್ಯಾಯವೇ ಆಗಿದೆ.) ಜರ್ಮನರು ಇದೇ ಭಾವಕ್ಕೆ ಗುಬ್ಬಿಗಳ ಮೇಲೆ ಫಿರಂಗಿ ಹಾರಿಸುವುದು ಎನ್ನುತ್ತಾರೆ.

ನಿಮ್ಮ ವಿಷಯಕ್ಕೆ ನೇರವಾಗಿ ತಾಗುವುದು 2020ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅನುರಾಧಾ ಭಾಸಿನ್ ಪ್ರಕರಣದಲ್ಲಿ ನೀಡಿದ ತೀರ್ಪು. ಇಂಟರ್ನೆಟ್ ಸ್ಥಗಿತದ ಆದೇಶವು ಅಗತ್ಯಕ್ಕೂ ಪ್ರಮಾಣಕ್ಕೂ ಹೊಂದಿರಬೇಕು, ಅನಿರ್ದಿಷ್ಟ ಕಾಲದ ಸ್ಥಗಿತಕ್ಕೆ ಅವಕಾಶವಿಲ್ಲ, ಆದೇಶವನ್ನು ಪ್ರಕಟಿಸಬೇಕು ಎಂದು ಅದು ಹೇಳಿತು.

ಉತ್ತರ 3

ಅಂಕಿತನಾಮವಾಗಿ ಬಂದರೆ ಅನುವಾದಿಸಬೇಡಿ. 1942ರಲ್ಲಿ ಮಿತ್ರರಾಷ್ಟ್ರಗಳು ಇಂಗ್ಲಿಷ್ ಕಾಲುವೆ ದಾಟಿ ಫ್ರಾನ್ಸಿಗೆ ನುಗ್ಗಲು ಯೋಚಿಸಿ ಕೈಬಿಟ್ಟ ಯೋಜನೆಯ ಹೆಸರು ‘ಆಪರೇಷನ್ ಸ್ಲೆಡ್ಜ್‌ಹ್ಯಾಮರ್’. ಅದನ್ನು ‘ಸಮ್ಮಟಿಗೆ ಕಾರ್ಯಾಚರಣೆ’ ಎಂದರೆ ಹುಡುಕುವವರಿಗೆ ಸಿಗುವುದಿಲ್ಲ. ಕ್ರಿಕೆಟ್ಟಿನ ಸ್ಲೆಡ್ಜಿಂಗ್, ಅಂದರೆ ಎದುರಾಳಿಯನ್ನು ಮಾತಿನಿಂದ ಕೆಣಕುವುದು, ಕೂಡ ಇದೇ ಸುತ್ತಿಗೆಯ ಕುಲದ್ದೆಂದು ಆಸ್ಟ್ರೇಲಿಯ ತಂಡದ ಮಾಜಿ ನಾಯಕ ಇಯಾನ್ ಚಾಪೆಲ್ ಹೇಳಿದ್ದಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಎರಡನೆಯದನ್ನು ‘ಬಾಯಿ ಮುಚ್ಚಿಸುವ ವಾದ’ ಎಂದು ಬದಲಿಸಿದ್ದೇನೆ. ಮೊದಲನೆಯದಕ್ಕೆ ‘ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ’ ಸಾಕಲ್ಲವೇ? ಜರ್ಮನರ ಗುಬ್ಬಿಯೂ ಜೊತೆಗಿದೆ.

ಉತ್ತರ 2 ಬರೆದವರು

ಗುಬ್ಬಿಯ ಮಾತಿನಲ್ಲಿ ಒಂದು ತೊಡಕಿದೆ. ಅದು ಎದುರಿಗಿರುವುದು ಕ್ಷುಲ್ಲಕವೆಂದು ನಗುತ್ತದೆ; ಲಕ್ಷಾಂತರ ಅಭ್ಯರ್ಥಿಗಳು ಕುಳಿತ ಪರೀಕ್ಷೆಯ ನಕಲು ಕ್ಷುಲ್ಲಕವಲ್ಲ, ಲೇಖಕರೂ ಹಾಗೆ ಹೇಳಿರಲಾರರು. ನ್ಯಾಯಾಲಯ ಕೇಳುವುದು ಇದಕ್ಕಿಂತ ಕಡಿಮೆ ಹಾನಿಯ ದಾರಿಯಿರಲಿಲ್ಲವೇ ಎಂದು. ಅದಕ್ಕೆ ‘ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ’ ಎಂಬ ಗಾದೆ ಹೆಚ್ಚು ಹತ್ತಿರ. ಪರೀಕ್ಷಾ ಕೇಂದ್ರದ ಬಾಗಿಲಲ್ಲೇ ಫೋನು ಇಡಿಸಿಕೊಳ್ಳುವುದು ಉಗುರಿನ ಕೆಲಸ, ಜಿಲ್ಲೆಗೆ ಜಿಲ್ಲೆಯನ್ನೇ ಕತ್ತಲಲ್ಲಿಡುವುದು ಕೊಡಲಿಯದು. ವಾಕ್ಯವನ್ನು ಹಾಗೆ ಕಟ್ಟಿ ನೋಡಿ. ಸುತ್ತಿಗೆ ಪೂರ್ತಿ ಬಿಟ್ಟುಹೋದರೂ ಅಡ್ಡಿಯಿಲ್ಲ.