ಅಪ್‌ಡೇಟ್: ಅಷ್ಟೂರಿನ ಗುಮ್ಮಟದಿಂದ ಹೊರಬರುವ ಹಕ್ಕಿಯ ಚಿತ್ರ ಮುಗಿಯಿತು

ಬಾಲ್ಯದಲ್ಲಿ ಅಜ್ಜನೊಂದಿಗೆ ಕಲಬುರಗಿಯಿಂದ ಬೀದರ್‌ಗೆ ಬಸ್ಸಿನಲ್ಲಿ ಹೋದ ನೆನಪಿನಿಂದ, ಬೀದರ್ ಬಳಿಯ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಹುಮಾಯೂನ್ ಷಾನ, ಸಿಡಿಲಿಗೆ ಸೀಳಿದ ಗೋರಿಯೊಳಗಿಂದ, ಮೊಟ್ಟೆಯೊಡೆದಂತೆ, ದೊಡ್ಡ ಹಕ್ಕಿಯೊಂದು ಹೊರಬರುವ ಜಲವರ್ಣ ಚಿತ್ರವನ್ನು ಬರೆಯುತ್ತಿದ್ದೇನೆ, ಆದರೆ ಕೆಮ್ಮಣ್ಣಿನ ಬಣ್ಣಕ್ಕೆ ಆಕಾಶದ ನೀಲಿ ಬೆರೆತು ಕೆಸರಾಗುತ್ತಿದೆ ಎಂದು ಕಳೆದ ವಾರ ಕೇಳಿದ್ದೆ. ಪ್ರತಿ ಪದರವನ್ನು ಪೂರ್ತಿ ಒಣಗಿಸಿ ಮುಂದಿನದನ್ನು ತೆಳುವಾಗಿ ಹಚ್ಚಬೇಕೆಂಬ ಸಲಹೆಯೇ ಫಲಿಸಿತು, ಸೂಚಿಸಿದವರಿಗೆ ಕೃತಜ್ಞತೆಗಳು. ನಕ್ಷತ್ರಗಳಿಗಾಗಿ ಒದ್ದೆ ಬಣ್ಣದ ಮೇಲೆ ಉಪ್ಪು ಉದುರಿಸುವ ಉಪಾಯ ಕೈಕೊಟ್ಟಿತು, ಏಕೆಂದರೆ ನಮ್ಮ ಬಿಸಿಲಿಗೆ ಕಾಗದ ಅಷ್ಟರಲ್ಲೇ ಒಣಗುತ್ತಿತ್ತು. ಅಚ್ಚರಿಯೆಂದರೆ, ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದಾಗ ಸಿಕ್ಕ ಕಪ್ಪು, ಟ್ಯೂಬಿನ ಕಪ್ಪಿಗಿಂತ ಆಳವಾಗಿ, ಅಜ್ಜ ಅಂದು ಕೊಡಿಸಿದ್ದ ಬಿದರಿ ಡಬ್ಬಿಯನ್ನೇ ಹೋಲುತ್ತಿತ್ತು. ಹಕ್ಕಿಯ ಕಣ್ಣಿಗೆ ಅದನ್ನೇ ಇಟ್ಟಿದ್ದೇನೆ.