‘ಗುರುತಿಸು’ ಎಲ್ಲ ಕಡೆ ಹೊಂದುತ್ತದೆಯೇ? ಬ್ಯಾಕ್ಟೀರಿಯಾದ ನಂಜಿನ ಬಗ್ಗೆ ಒಂದು ಪದಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಧಾರವಾಡದಲ್ಲಿ ಬಿ.ಎಸ್ಸಿ. ಓದುವ ಮಕ್ಕಳಿಗಾಗಿ ರೋಗನಿರೋಧಕ ವ್ಯವಸ್ಥೆಯ ಬಗ್ಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಹಾವೇರಿ, ಗದಗ ಕಡೆಯ ಹಳ್ಳಿಗಳಿಂದ ಬಂದವರೇ ಜಾಸ್ತಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವರು. ಹುಟ್ಟಿನಿಂದಲೇ ಇರುವ ನಿರೋಧಕ ವ್ಯವಸ್ಥೆ ಬ್ಯಾಕ್ಟೀರಿಯಾದ ನಂಜನ್ನು, ಅಂದರೆ ವಿಷವನ್ನು, ಹೇಗೆ ‘ಗುರುತಿಸುತ್ತದೆ’ ಎಂದು ಹೇಳುತ್ತಿದ್ದಾಗ ಒಬ್ಬಳು ಕೇಳಿದಳು: “ಸರ, ಗುರುತು ಸಿಗಬೇಕಂದ್ರ ಮೊದಲ ಒಮ್ಮೆ ನೋಡಿರಬೇಕಲ್ರಿ? ಹುಟ್ಟಿದ ಕೂಸಿಗೆ ಅದರ ಗುರುತು ಹೆಂಗ ಇರ್ತದ?”

ಬಹಳ ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ‘ಗುರುತಿನವರು’ ಅಂದರೆ ಪರಿಚಯ ಇದ್ದವರು ಅಂತಲೇ ಅರ್ಥ, ಅಲ್ವಾ? ಸಿಡುಬು, ದಡಾರದಂಥ ರೋಗ ಒಮ್ಮೆ ಬಂದು ಹೋದ ಮೇಲೆ ನೆನಪಿಟ್ಟುಕೊಳ್ಳುವ ಇನ್ನೊಂದು ನಿರೋಧಕ ವ್ಯವಸ್ಥೆ ಇದೆಯಲ್ಲ, ಅದಕ್ಕೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಹುಟ್ಟಿನಿಂದ ಬಂದದ್ದಕ್ಕೆ ಎಷ್ಟರಮಟ್ಟಿಗೆ ಒಪ್ಪುತ್ತದೆ ಎನ್ನುವುದೇ ನನ್ನ ಪ್ರಶ್ನೆ.

ಒಪ್ಪುವ ಕಡೆಯಿಂದಲೇ ಶುರು ಮಾಡುತ್ತೇನೆ. ಇ. ಕೋಲೈ, ಟೈಫಾಯಿಡ್, ಕಾಲರಾ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಲಿಪೊಪಾಲಿಸ್ಯಾಕರೈಡ್ ಎಂಬ ವಸ್ತು ಇದೆ. ಇಲ್ಲಿ ನಂಜು ಎಂದರೆ ಅದೇ. ಬುಡದಲ್ಲಿ ಕೊಬ್ಬು, ಅದರ ಮೇಲೆ ಸಕ್ಕರೆಯ ಸರಪಳಿ. ನಮ್ಮ ಬಿಳಿ ರಕ್ತಕಣಗಳ ಮೈಮೇಲೆ ಟಿಎಲ್ಆರ್4 ಎಂಬ ಪ್ರೋಟೀನು, ಅದಕ್ಕೆ ಅಂಟಿಕೊಂಡು ಎಂಡಿ-2 ಎಂಬ ಇನ್ನೊಂದು ಪ್ರೋಟೀನು ಇರುತ್ತವೆ. ಆ ಕೊಬ್ಬಿನ ಬುಡ ಎಂಡಿ-2ರ ಪೊಟರೆಯೊಳಗೆ ಹೋಗಿ ಕೂರುತ್ತದೆ. ಕೂತ ಮೇಲೆ ಇಂಥ ಎರಡು ಜೋಡಿಗಳು ಒಂದಕ್ಕೊಂದು ಸೇರುತ್ತವೆ, ಜೀವಕೋಶದ ಒಳಕ್ಕೆ ಸುದ್ದಿ ಮುಟ್ಟುತ್ತದೆ, ಜ್ವರ ತರಿಸುವ ಪ್ರೋಟೀನುಗಳು ಹೊರಬೀಳುತ್ತವೆ. ಎಷ್ಟು ಲಿಪೊಪಾಲಿಸ್ಯಾಕರೈಡ್ ಚುಚ್ಚಿದರೂ ಜಗ್ಗದ ಒಂದು ತಳಿಯ ಇಲಿ ಇತ್ತು. ಅದರ ಟಿಎಲ್ಆರ್4ರಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾಗಿದೆ ಎಂದು 1998ರಲ್ಲಿ ಬ್ರೂಸ್ ಬಾಯ್ಟ್ಲರ್ ಅವರ ತಂಡ ಕಂಡುಹಿಡಿಯಿತು. 2011ರ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು.

ಇಲ್ಲಿ ನಂಜಿನ ಆಕಾರಕ್ಕೇ ಹೊಂದುವ ಪೊಟರೆ ಇದೆ. ಆ ಪೊಟರೆಯ ಅಚ್ಚು ವಂಶವಾಹಿಯಲ್ಲೇ ಇಳಿದು ಬಂದಿದೆ. ಕೂಸು ನೋಡದಿದ್ದರೂ ಅದರ ಹಿಂದಿನ ಎಷ್ಟೋ ತಲೆಮಾರುಗಳು ನೋಡಿವೆ. ಹಾಗಾಗಿ ‘ಗುರುತಿಸು’ ಇರಲಿ ಎಂದು ನನ್ನ ಮತ.

ತೊಡಕಿರುವುದು ಮುಂದೆ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಆ್ಯಂಟಿಬಯಾಟಿಕ್ ತೆಗೆದುಕೊಂಡವರಿಗೆ ಕೆಟ್ಟ ಭೇದಿ ತರಿಸುತ್ತದೆ. ಅದು ಕಾರುವ ನಂಜು ನಮ್ಮ ಜೀವಕೋಶದೊಳಗೆ ಹೊಕ್ಕು ರೋ ಎಂಬ ಪ್ರೋಟೀನಿಗೆ ಒಂದು ಗ್ಲೂಕೋಸ್ ಅಂಟಿಸಿಬಿಡುತ್ತದೆ. ಅಲ್ಲಿಗೆ ರೋದ ಕೆಲಸ ಬಂದ್. ನಮ್ಮ ಕಣಗಳಲ್ಲಿ ಪೈರಿನ್ ಎಂಬ ಕಾವಲು ಪ್ರೋಟೀನಿದೆ. ರೋ ಸರಿಯಾಗಿ ಕೆಲಸ ಮಾಡುತ್ತಿರುವವರೆಗೆ ಪೈರಿನ್ ಮೇಲೆ ಫಾಸ್ಫೇಟ್ ಬೀಳುತ್ತಲೇ ಇರುತ್ತದೆ, ಅದು ಸುಮ್ನೆ ಇರುತ್ತದೆ. ರೋ ಕೆಟ್ಟಿತೋ, ಫಾಸ್ಫೇಟ್ ತಪ್ಪುತ್ತದೆ, ಪೈರಿನ್ ಏಳುತ್ತದೆ, ಉರಿಯೂತ (ಬಾವು, ಕೆಂಪಿನಂಥ ಮೈಯ ಪ್ರತಿಕ್ರಿಯೆ) ಶುರುವಾಗುತ್ತದೆ. ಬಾಟುಲಿನಮ್ ಬ್ಯಾಕ್ಟೀರಿಯಾದ ಸಿ3 ಎಂಬ ನಂಜು ರೋ ಪ್ರೋಟೀನಿಗೆ ಬೇರೆಯದೇ ಒಂದು ವಸ್ತುವನ್ನು, ಬೇರೆಯದೇ ಜಾಗದಲ್ಲಿ ಅಂಟಿಸುತ್ತದೆ. ಆಗಲೂ ಪೈರಿನ್ ಏಳುತ್ತದೆ! 2014ರಲ್ಲಿ ಇದು ಪ್ರಕಟವಾಯಿತು. ಅಂದರೆ ಪೈರಿನ್ ನಂಜನ್ನು ಮುಟ್ಟುವುದೂ ಇಲ್ಲ, ನೋಡುವುದೂ ಇಲ್ಲ. ನಂಜು ಮಾಡಿಹೋದ ಹಾಳನ್ನಷ್ಟೇ ತಿಳಿಯುತ್ತದೆ.

ಇದಕ್ಕೂ ‘ಗುರುತಿಸುತ್ತದೆ’ ಎಂದು ಬರೆದರೆ ಮಕ್ಕಳು ಇಲ್ಲೂ ಒಂದು ಪೊಟರೆ ಇದೆ ಅಂದುಕೊಳ್ಳುತ್ತಾರೆ. ಹೊಲದಲ್ಲಿ ಹಂದಿಯನ್ನೇ ಕಂಡು ಗುರುತಿಸುವುದು ಬೇರೆ. ಬೆಳಿಗ್ಗೆ ಗೋವಿನಜೋಳ ಮುರಿದುಬಿದ್ದದ್ದು ನೋಡಿ ರಾತ್ರಿ ಹಂದಿ ಹೊಕ್ಕಿತ್ತು ಅಂತ ತಿಳಿಯುವುದು ಬೇರೆ. ಎರಡನೆಯದಕ್ಕೆ ನಾವು ‘ಸುಳಿವು ಸಿಕ್ಕಿತು’ ಅನ್ನುತ್ತೇವೆ. ಹಾಗಾಗಿ ಪೈರಿನ್ ನಂಜಿನ ‘ಸುಳಿವು ಹಿಡಿಯುತ್ತದೆ’ ಎಂದು ಬರೆದಿದ್ದೇನೆ. ಇದರಿಂದ ಇನ್ನೊಂದು ಅನುಕೂಲವೂ ಇದೆ. ಮೆಡಿಟರೇನಿಯನ್ ಸುತ್ತಲಿನ ಜನರಲ್ಲಿ ಕಾಣುವ ಒಂದು ವಂಶಪಾರಂಪರ್ಯ ಜ್ವರದಲ್ಲಿ ಪೈರಿನ್‌ನ ಜೀನೇ ಕೆಟ್ಟಿರುತ್ತದೆ. ನಂಜು ಇಲ್ಲದೆಯೂ ಅದು ಎದ್ದು ಜ್ವರ, ಹೊಟ್ಟೆನೋವು ತರುತ್ತದೆ. ಸುಳಿವಿಲ್ಲದೆಯೇ ಎದ್ದ ಕಾವಲು ಎಂದರೆ ವಿಷಯ ಥಟ್ಟನೆ ತಿಳಿಯುತ್ತದೆ. ಸ್ಟ್ಯಾಫಿಲೊಕಾಕಸ್‌ನ ಆಲ್ಫಾ ನಂಜು ಜೀವಕೋಶದ ಪೊರೆಗೆ ತೂತು ಕೊರೆದಾಗ ಪೊಟ್ಯಾಸಿಯಂ ಹೊರಕ್ಕೆ ಸೋರುತ್ತದೆ. ಆ ಸೋರಿಕೆಯಿಂದ ಏಳುವ ಕಾವಲು ಪ್ರೋಟೀನಿಗೂ ಇದೇ ಮಾತು ಸರಿಹೋಗುತ್ತದೆ.

‘ನಂಜು’ ಎಂಬ ಪದದ ಬಗ್ಗೆ ಒಂದೆರಡು ಮಾತು. ನಮ್ಮ ಕಡೆ “ಗಾಯ ನಂಜಾಗೇತಿ” ಅಂದರೆ ಬಾವು, ಕೆಂಪು, ಕೀವು ಎಲ್ಲ ಸೇರಿತು. ಅದರಲ್ಲಿ ಹೆಚ್ಚಿನದು ಮೈಯೇ ಹೂಡಿದ ಹೋರಾಟ. ಪಾಠದಲ್ಲಿ ನಂಜು ಎಂದರೆ ಬ್ಯಾಕ್ಟೀರಿಯಾದ ವಿಷ, ಮೈಯ ಪ್ರತಿಕ್ರಿಯೆಗೆ ಉರಿಯೂತ ಎಂದು ಮೊದಲೇ ಹೇಳಿಬಿಟ್ಟಿದ್ದೇನೆ. ಆದರೆ ಎಂಡೋಟಾಕ್ಸಿನ್‌ಗೆ (‘ಎಂಡೋ’ ಅಂದರೆ ಒಳಗೆ, ‘ಟಾಕ್ಸಿನ್’ ಅಂದರೆ ನಂಜು) ‘ಒಳನಂಜು’ ಬೇಡ ಎಂದೇ ನನಗೆ ಅನಿಸುತ್ತದೆ. ಕಾಲರಾ ಬ್ಯಾಕ್ಟೀರಿಯಾ ಸತ್ತು ಒಡೆದಾಗ ಹೊರಬರುವ ವಿಷಕ್ಕೆ ಜರ್ಮನಿಯ ವಿಜ್ಞಾನಿ ರಿಚರ್ಡ್ ಫೈಫರ್ 1892ರ ಸುಮಾರಿಗೆ ಆ ಹೆಸರು ಕೊಟ್ಟರು. ಅದು ಒಳಗಿರುತ್ತದೆ ಎಂಬ ಎಣಿಕೆ. ಆಮೇಲೆ ನೋಡಿದರೆ ಅದೇ ಲಿಪೊಪಾಲಿಸ್ಯಾಕರೈಡ್, ಬ್ಯಾಕ್ಟೀರಿಯಾದ ಎಲ್ಲಕ್ಕಿಂತ ಹೊರಗಿನ ಪೊರೆಯಲ್ಲೇ ಇದೆ. ಸಾಲದ್ದಕ್ಕೆ, ‘ಒಳ’ ಅಂದರೆ ನಮ್ಮ ಮೈಯೊಳಗಿನದು ಅಂತಲೂ ಮಕ್ಕಳು ತಿಳಿದಾರು. ‘ಮೈನಂಜು’ ಮತ್ತು ‘ಕಾರುನಂಜು’ ಎಂಬ ಜೋಡಿ ಹೇಗೆ? ಒಂದು ಬ್ಯಾಕ್ಟೀರಿಯಾದ ಮೈಯಲ್ಲೇ ಇರುವುದು, ಇನ್ನೊಂದು ಅದು ಹೊರಕ್ಕೆ ಕಾರುವುದು.

ಕೊನೆಯದು ನನಗೆ ಬಗೆಹರಿಯದ್ದು. ಹಾವೇರಿಯ ಕುರಿಗಾರರ ಮನೆ ಮಕ್ಕಳಿಗೆ ನೆರಡಿ ರೋಗ ಗೊತ್ತು, ಅದೇ ಆಂಥ್ರಾಕ್ಸ್. ಅದರ ಲೀಥಲ್ ಫ್ಯಾಕ್ಟರ್ ಎಂಬ ನಂಜು ಕತ್ತರಿಸುವ ಪ್ರೋಟೀನು. ಕೆಲವು ತಳಿಯ ಇಲಿಗಳಲ್ಲಿ ಅದು ಎನ್ಎಲ್ಆರ್‌ಪಿ1ಬಿ ಎಂಬ ಕಾವಲು ಪ್ರೋಟೀನನ್ನೇ ಕತ್ತರಿಸುತ್ತದೆ. ಕತ್ತರಿಸಿದ ಬದಿಯನ್ನು ಜೀವಕೋಶ ಅರೆದುಹಾಕುತ್ತದೆ, ಉಳಿದ ತುಂಡು ಬಿಡುಗಡೆಯಾಗಿ ಉರಿಯೂತ ಹೊತ್ತಿಸುತ್ತದೆ. ಇಲ್ಲಿ ನಂಜು ಕಾವಲು ಪ್ರೋಟೀನನ್ನು ನೇರವಾಗಿ ಮುಟ್ಟಿದೆ, ಹಾಗಾಗಿ ಬರೀ ಸುಳಿವು ಎನ್ನಲು ಮನಸ್ಸು ಒಪ್ಪದು. ಆದರೆ ಕಾವಲು ಏಳುವುದು ತಾನು ತುಂಡಾದದ್ದರಿಂದ, ನಂಜಿನ ಆಕಾರದಿಂದಲ್ಲ. ‘ಗಾಳಕ್ಕೆ ಬೀಳಿಸು’ ಎನ್ನಬಹುದೇ? ಜೀವವಿಜ್ಞಾನ ಕಲಿಸುವವರು, ಕುರಿ ಸಾಕುವ ಮನೆಗಳ ಮಾತು ಬಲ್ಲವರು ಬೇರೆ ಪದ ಇದ್ದರೆ ದಯವಿಟ್ಟು ತಿಳಿಸಿ.