ಗೋಡೆಯ ಮೇಲಿನ ಸುಣ್ಣದ ಗುರುತನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ (ಕಾರವಾರ)
ಪ್ರೌಢಶಾಲೆಯ ಕಬಡ್ಡಿ ಹುಡುಗರ ಕಾಲಿನ ಸ್ಫೋಟಕ ಶಕ್ತಿಯನ್ನು ನಿಂತಲ್ಲಿಂದಲೇ ಮೇಲಕ್ಕೆ ಜಿಗಿಸಿ ಅಳೆಯುತ್ತಿದ್ದೇನೆ. ಬೆರಳಿಗೆ ಸುಣ್ಣ ಹಚ್ಚಿಕೊಂಡು ನಿಂತು ಒಂದು ಗುರುತು, ಜಿಗಿದು ಇನ್ನೊಂದು ಗುರುತು ಹಾಕಿಸಿ, ನಡುವಿನ ಅಂತರವನ್ನು ಬರೆದುಕೊಳ್ಳುತ್ತೇನೆ. 41 ಸೆಂ.ಮೀ. ಜಿಗಿದಿದ್ದ ಹುಡುಗನೊಬ್ಬ ಎರಡೇ ವಾರದಲ್ಲಿ 46 ಮುಟ್ಟಿದ್ದಾನೆ. ನನಗೇಕೋ ನಂಬಿಕೆ ಬರುತ್ತಿಲ್ಲ. ಅಲ್ಲದೆ 60 ಕೆ.ಜಿ.ಯವನು 45, 75 ಕೆ.ಜಿ.ಯವನು 38 ಸೆಂ.ಮೀ. ಜಿಗಿದರೆ ಯಾರನ್ನು ಮುಂದಿನವನೆಂದು ಎಣಿಸಬೇಕು?

ಉತ್ತರ (ಶಿರಸಿ)
ನಿಮ್ಮ ಅನುಮಾನ ಸರಿ. ಅಮೆರಿಕದ ದೈಹಿಕ ಶಿಕ್ಷಣ ತಜ್ಞ ಡಡ್ಲಿ ಸಾರ್ಜೆಂಟ್ 1921ರಲ್ಲಿ ಪ್ರಕಟಿಸಿದ ಈ ಪರೀಕ್ಷೆಯ ದುರ್ಬಲ ಜಾಗ ಜಿಗಿತವಲ್ಲ, ಅದಕ್ಕೂ ಮೊದಲಿನ ಗುರುತು. ಭುಜವನ್ನು ತುಸು ಕುಗ್ಗಿಸಿ ನಿಂತರೆ ಮೊದಲ ಗುರುತು ಕೆಳಗೆ ಬೀಳುತ್ತದೆ, ಜಿಗಿತ ಅಷ್ಟೇ ಎತ್ತರವಾಗಿ ಕಾಣುತ್ತದೆ. ಹುಡುಗರಿಗೆ ಈ ಗುಟ್ಟು ನಮಗಿಂತ ಮೊದಲೇ ತಿಳಿದಿರುತ್ತದೆ. ಹಿಮ್ಮಡಿ ನೆಲಕ್ಕೆ ಊರಿಸಿ, ಭುಜವನ್ನು ಕಿವಿಗೆ ತಾಗುವಷ್ಟು ಎತ್ತಿಸಿ, ಆ ಅಳತೆಯನ್ನು ನೀವೇ ತೆಗೆಯಿರಿ.

ಉತ್ತರ (ಕುಮಟಾ)
ಎರಡನೆಯ ಪ್ರಶ್ನೆಗೆ ಸೇಯರ್ಸ್ ಸೂತ್ರವಿದೆ: ಎತ್ತರವನ್ನು ಸೆಂ.ಮೀ.ನಲ್ಲಿ 60.7ರಿಂದ, ತೂಕವನ್ನು ಕೆ.ಜಿ.ಯಲ್ಲಿ 45.3ರಿಂದ ಗುಣಿಸಿ, ಕೂಡಿಸಿ, 2055 ಕಳೆದರೆ ಗರಿಷ್ಠ ಪವರ್ ವ್ಯಾಟ್‌ಗಳಲ್ಲಿ ಸಿಗುತ್ತದೆ. ಹಗುರ ಹುಡುಗನಿಗೆ ಸುಮಾರು 3395, ಭಾರದವನಿಗೆ 3649. ಕಡಿಮೆ ಜಿಗಿದವನದೇ ಹೆಚ್ಚು! ಆದರೆ ಕೆ.ಜಿ.ಗೆ ಲೆಕ್ಕ ಹಾಕಿದರೆ 56.6 ಮತ್ತು 48.7, ಅಂದರೆ ಸ್ಥಾನ ಅದಲುಬದಲಾಗುತ್ತದೆ. ರೇಡರ್‌ಗೆ ನಾನು ಎರಡನೆಯದನ್ನೂ, ಎದುರಾಳಿಯನ್ನು ತಡೆದು ನಿಲ್ಲಿಸುವವನಿಗೆ ಮೊದಲನೆಯದನ್ನೂ ನೋಡುತ್ತೇನೆ. ಸೂತ್ರ ಹುಟ್ಟಿದ್ದು ವಯಸ್ಕರ ಅಳತೆಗಳಿಂದ, ಅದೂ ಮಂಡಿ ಬಗ್ಗಿಸಿ ತಡೆದು ನಿಂತು ಜಿಗಿದ ಎತ್ತರದಿಂದ. ಕೈ ಬೀಸಿ ಜಿಗಿದ ಅಂಕಿಯನ್ನು ಅದಕ್ಕೆ ತುಂಬಿದರೆ ಉತ್ತರ ಉಬ್ಬುತ್ತದೆ.

ಮೊಬೈಲಿನಲ್ಲಿ ಚಿತ್ರೀಕರಿಸುವುದಾದರೆ, ಗಾಳಿಯಲ್ಲಿದ್ದ ಸಮಯದ (ಸೆಕೆಂಡುಗಳಲ್ಲಿ) ವರ್ಗವನ್ನು 9.81ರಿಂದ ಗುಣಿಸಿ 8ರಿಂದ ಭಾಗಿಸಿದರೆ ಎತ್ತರ ಮೀಟರ್‌ನಲ್ಲಿ ಸಿಗುತ್ತದೆ; ಅರ್ಧ ಸೆಕೆಂಡಿಗೆ ಸುಮಾರು 31 ಸೆಂ.ಮೀ. ಸೆಕೆಂಡಿಗೆ 30 ಫ್ರೇಮ್ ಇದ್ದಲ್ಲಿ ಒಂದು ಫ್ರೇಮ್ ತಪ್ಪಿದರೂ 4 ಸೆಂ.ಮೀ. ಹೆಚ್ಚುಕಡಿಮೆಯಾಗುತ್ತದೆ, 240 ಫ್ರೇಮಿನಲ್ಲಿ ಅರ್ಧ ಸೆಂ.ಮೀ. ಮಾತ್ರ. ಮಂಡಿ ಮಡಚಿಕೊಂಡು ಇಳಿದ ಜಿಗಿತವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪ್ರಶ್ನೆ ಕೇಳಿದವರು
ನಿನ್ನೆ ಭುಜ ಎತ್ತಿಸಿ ಮತ್ತೆ ಅಳೆದೆ: 42. ಕೇಳಿದ್ದಕ್ಕೆ ಹುಡುಗ ನಕ್ಕುಬಿಟ್ಟ. ಮಳೆಗೆ ಶಾಲೆಯ ಅಂಗಳ ಪಾಚಿಗಟ್ಟಿದೆ. ಟಾಗೋರ್ ಕಡಲತೀರದಲ್ಲಿ ಅಳೆಯಬಹುದೇ?

ಉತ್ತರ (ಶಿರಸಿ)
ಬೇಡ. ಮರಳು ಕಾಲಡಿ ಕುಸಿದು ತಳ್ಳುವ ಬಲವನ್ನು ನುಂಗುವುದರಿಂದ ಎಲ್ಲರ ಅಂಕಿಯೂ ತಗ್ಗುತ್ತದೆ, ಅದೂ ಒದ್ದೆ ಮರಳಿನಲ್ಲಿ ಒಂದು ಬಗೆ, ಒಣ ಮರಳಿನಲ್ಲಿ ಇನ್ನೊಂದು ಬಗೆ. ಶಾಲೆಯ ಜಗಲಿಯ ಒಣ ಸಿಮೆಂಟ್ ನೆಲವೇ ಸಾಕು, ತಲೆಗೆ ತೊಲೆ ತಾಗದಿದ್ದರೆ.